ಹಾಲೆಂಡಿನ ಮೀನು, ಬೇಗಂಪೇಟೆಯಲ್ಲಿ

ನಮ್ಮ ಕಡೆ ಡಾಕ್ಟರು ಪಥ್ಯ ಹೇಳಿದರೆ ಮನೆಯವರಿಗೆ ಧೈರ್ಯ. ಎಣ್ಣೆ ಬಿಡಿ, ಖಾರ ಬಿಡಿ, ಬದನೆಕಾಯಿ ಮುಟ್ಟಬೇಡಿ ಎಂದರೆ ರೋಗಿಯ ಮೇಲೆ ಡಾಕ್ಟರಿಗೆ ಇನ್ನೂ ಆಸೆಯಿದೆ ಎಂದರ್ಥ. ಹೆದರಬೇಕಾದದ್ದು ಪಥ್ಯ ಬಿಡಿಸಿದಾಗ. ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ, ನನ್ನ ಗಂಡನ ಗಂಟಲಿನ ಗಡ್ಡೆಗೆ ಔಷಧ ಮಾಡುತ್ತಿದ್ದ ದೊಡ್ಡ ಡಾಕ್ಟರು ಅವರನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು. ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ಇನ್ನು ಮೇಲೆ ಪಥ್ಯ ಗಿಥ್ಯ ಏನೂ ಬೇಡಮ್ಮಾ, ಏನು ಕೇಳುತ್ತಾರೋ ಅದನ್ನು ಕೊಡಿ ಎಂದು ತೆಲುಗಿನಲ್ಲಿ ಹೇಳಿದರು. ಬೀದರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ಹೆಂಗಸಿಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹೊರಗೆ ಬಂದೆ. ಕುರ್ಚಿಯಲ್ಲಿ ಕೂತಿದ್ದವರು "ಏನಂದ್ರು?" ಎಂದರು. ಗಂಟಲು ಕೆಟ್ಟ ಮೇಲೆ ಅವರ ಮಾತು ಪಿಸುಮಾತಿಗೆ ಇಳಿದಿತ್ತು.

"ಪಥ್ಯ ಏನೂ ಇಲ್ಲಂತ್ರಿ. ಏನ ಬೇಕಾದ್ರೂ ತಿನ್ಲಿ ಅಂದ್ರು."

"ಅಂದ್ರ ಆರಾಮ ಆಗಾಕತ್ತೈತಿ."

ಅವರೂ ನಮ್ಮ ಕಡೆಯವರೇ. ಅವರ ಅಪ್ಪನಿಗೆ ಪಥ್ಯ ಬಿಡಿಸಿದ ದಿನ ಅವರೇ ಎದುರಿಗಿದ್ದರು. ಆದರೂ ಹಾಗಂದರು, ನಾನೂ ಹೂಂ ಅಂದೆ. ಆಟೋ ಹಿಡಿದು ಸನತ್‌ನಗರದ ಮನೆಗೆ ಬರುವವರೆಗೆ ಇಬ್ಬರೂ ರಸ್ತೆ ನೋಡಿದೆವು.

ಅವರು ಇಲ್ಲಿಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಿತ ಊಟ, ಒಂದು ಚಟವಿಲ್ಲ, ತಂಬಾಕು ಎಂದರೆ ಮೂಗು ಮುರಿಯುವವರು. ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ ಕಟ್ಟಿದವನು ಸಿಕ್ಕಿದ್ದರೆ ಅವನನ್ನು ನಮ್ಮ ಮನೆಗೇ ಎಳೆದು ತಂದು ತೋರಿಸುತ್ತಿದ್ದೆ. ಊಟ ಬಲ್ಲವರೆಂದರೆ ಅವರೇ. ಗಂಟಲಿಗೆ ಕರೆಂಟು, ಅಂದರೆ ರೇಡಿಯೇಶನ್ನು, ಕೊಡಿಸಿದ ಮೇಲೆ ಬಾಯಲ್ಲಿ ಜೊಲ್ಲು ಬತ್ತಿತು, ಆಮೇಲೆ ರುಚಿ ಹೋಯಿತು. ಮೊದಲು ಸಿಹಿ ಹೋಯಿತು, ಹಿಂದೆಯೇ ಹುಳಿ, ಖಾರ. ಕೊನೆಗೆ ಉಪ್ಪು ಕೂಡ ಹೋಯಿತು. ಕರೆಂಟು ಕೊಡುವ ಕೋಣೆಯ ಚಿಕ್ಕ ಡಾಕ್ಟರು ಒಮ್ಮೆ, ಕೆಲವರಿಗೆ ಕೆಲವು ತಿಂಗಳಲ್ಲಿ ರುಚಿ ಮರಳಿ ಬರುತ್ತದೆ ಎಂದಿದ್ದರು. ಕೆಲವರಿಗೆ ಎಂಬುದನ್ನು ಇವರು ಕೇಳಿಸಿಕೊಳ್ಳಲಿಲ್ಲ. ಬರುತ್ತದೆ ಎಂಬುದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

"ನಾಲಿಗಿ ತಿರುಗಿ ಬಂತಂದ್ರ ನಾನೂ ಬಂದಂಗ ತಿಳಿ," ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಎದ್ದು ಬಾಯಿ ತೊಳೆದು ಉಪ್ಪಿನ ಹರಳೊಂದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ನಾನು ಒಲೆಯ ಹತ್ತಿರದಿಂದ ಅವರ ಮುಖವನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, "ಇವತ್ತಿಲ್ಲ," ಎನ್ನುತ್ತಿದ್ದರು. ಅದು ಪೂಜೆಗಿಂತ ನಿಯಮವಾಗಿ ನಡೆಯಿತು. ನನಗೆ ಆ ಉಪ್ಪಿನ ಡಬ್ಬಿಯನ್ನು ಎತ್ತಿ ಗಟಾರಕ್ಕೆ ಎಸೆಯಬೇಕು ಅನ್ನಿಸುತ್ತಿತ್ತು.

ರೋಗಿಯ ಬಾಯಿಗೆ ಏನು ಬೇಕು ಎಂದು ಕೇಳಿ ಮಾಡಿ ತರುವುದು ನಮ್ಮವರ ಪದ್ಧತಿ. ಅವರ ಅಕ್ಕ ಹುಮನಾಬಾದಿನಿಂದ ಮಾಲ್ದಿ ಮಾಡಿಕೊಂಡು ಬಂದು ನಮ್ಮಲ್ಲೇ ಉಳಿದರು. ಗೋದಿ, ಬೆಲ್ಲ, ಗಸಗಸೆ, ಕೊಬ್ಬರಿ, ಮೇಲೆ ಕೈ ಬಿಚ್ಚಿ ಸುರಿದ ತುಪ್ಪ. ತಮ್ಮನಿಗೆ ತಾವೇ ಬಾಯಿಗಿಟ್ಟರು. ಇವರು ಅಗಿದರು, ಅಗಿದೇ ಅಗಿದರು, ನೀರು ಕುಡಿದು ನುಂಗಿದರು.

"ಹೆಂಗೈತೋ ತಮ್ಮಾ?"

"ಮಣ್ಣ ತಿಂದಂಗೈತಿ ಅಕ್ಕಾ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದರು. ನಾನು ಪುಂಡಿ ಪಲ್ಯ ಮಾಡಿದೆ, ಶೇಂಗಾ ಹಿಂಡಿ ಕುಟ್ಟಿದೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ ಕೊಟ್ಟೆ. ಎಲ್ಲವೂ ಮಣ್ಣೇ. ತಟ್ಟೆ ಇದ್ದ ಹಾಗೇ ತಿರುಗಿ ಬರುತ್ತಿತ್ತು. ಅದನ್ನು ಎದುರಿಗಿಟ್ಟುಕೊಂಡು ನನಗೂ ತುತ್ತು ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಒಂದು ಚಹಾ, ಅದರಲ್ಲಿ ಅದ್ದಿದ ಬಿಸ್ಕೀಟು, ಮಧ್ಯಾಹ್ನ ಒಲೆಯ ಪಕ್ಕ ನಿಂತೇ ಒಂದಿಷ್ಟು ಮಜ್ಜಿಗೆ ಅನ್ನ. ತಿಂಗಳುಗಟ್ಟಲೆ ಹೀಗೇ ನಡೆಯಿತು. ರವಿಕೆಗಳೆಲ್ಲ ಜೋಲಾದವು. ಹಸಿವು ಆಗುತ್ತಿತ್ತೋ ಇಲ್ಲವೋ, ಅದನ್ನು ವಿಚಾರಿಸುವ ವ್ಯವಧಾನ ನನಗಿರಲಿಲ್ಲ.

ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ಬಾಯಿಂದ ತಿನ್ನುವುದು ನಿಂತರೆ ಹೊಟ್ಟೆಗೆ ನಳಿಕೆ ಹಾಕಬೇಕಾಗುತ್ತದೆ. ಇವರಿಗೆ ಆ ನಳಿಕೆಯ ಹೆಸರೆತ್ತಿದರೆ ಸಿಟ್ಟು. ಹಾಕಿಸಿಕೊಂಡವರು ಯಾರೂ ಆಮೇಲೆ ಬಾಯಿಂದ ತಿನ್ನಲಿಲ್ಲ ಎಂದು ಯಾರಿಂದಲೋ ಕೇಳಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ, ಗೋಡೆಗೆ ಒರಗಿ ಕೂತವರು, ನಾನು ಬಟ್ಟೆ ಮಡಿಸುತ್ತಿದ್ದಾಗ ಹೇಳಿದರು. "ಇವೆಲ್ಲಾ ಸಪ್ಪನ್ನ ಜಿನಸು. ಸತ್ತ ನಾಲಿಗಿ ಎಬ್ಬಿಸೂದು ಇವುಕ್ಕ ಆಗಂಗಿಲ್ಲ. ಹಾಲೆಂಡಿನ ಆ ಮೀನ ಸಿಕ್ಕಿದ್ರ ಗೊತ್ತಾಗ್ತಿತ್ತು."

ನನ್ನ ಕೈಯಲ್ಲಿದ್ದ ಲುಂಗಿ ಹಾಗೇ ನಿಂತಿತು. ಆ ಮೀನಿನ ಸಂಗತಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ಮೊಟ್ಟೆ ಒಡೆದ ಪಾತ್ರೆ ಕೂಡ ಹೊಸ್ತಿಲು ದಾಟಿಲ್ಲ. ಮಗಳು ಇನ್ನೂ ಸಣ್ಣವಳಿದ್ದಾಗ ಕಾರ್ಖಾನೆಯವರು ಇವರನ್ನು ಯಾವುದೋ ಯಂತ್ರದ ತರಬೇತಿಗೆ ಹಾಲೆಂಡಿಗೆ ಕಳಿಸಿದ್ದರು. ನಾನು ರೊಟ್ಟಿ ಸುಟ್ಟು ಒಣಗಿಸಿ, ಹಿಂಡಿ ಕಟ್ಟಿ ಕೊಟ್ಟಿದ್ದೆ. ಅದು ಮುಗಿದ ಮೇಲೆ ಬ್ರೆಡ್ಡು, ಮೊಸರು, ಬಾಳೆಹಣ್ಣು. ಸಮುದ್ರದ ಗಾಳಿ, ಮೈ ನಡುಗಿಸುವ ಚಳಿ, ಹೊಟ್ಟೆಯಲ್ಲಿ ಏನೂ ಇಲ್ಲ. ಒಂದು ಸಂಜೆ ಜೊತೆಯವರು ರಸ್ತೆ ಬದಿಯ ಗಾಡಿಯೊಂದರ ಮುಂದೆ ನಿಲ್ಲಿಸಿದರಂತೆ. ಹಸಿ ಮೀನು, ಉಪ್ಪಿನಲ್ಲಿ ಹಾಕಿ ಮಾಗಿಸಿದ್ದು. ಹೆರಿಂಗ್ ಅಂತ ಅದರ ಹೆಸರು. ಬೇಯಿಸುವುದಿಲ್ಲ, ಹುರಿಯುವುದಿಲ್ಲ. ಗಾಡಿಯವನು ಮುಳ್ಳು ತೆಗೆದು ಬಾಲ ಮಾತ್ರ ಉಳಿಸಿ, ಹೆಚ್ಚಿದ ಉಳ್ಳಾಗಡ್ಡಿಯಲ್ಲಿ ಹೊರಳಿಸಿ ಕೊಡುತ್ತಾನೆ. ಬಾಲ ಹಿಡಿದು ಎತ್ತಿ, ಕತ್ತು ಹಿಂದಕ್ಕೆ ಬಾಗಿಸಿ, ಮೇಲಿಂದ ಬಾಯಿಗೆ ಇಳಿಸಿಕೊಳ್ಳಬೇಕು. ಇವರು ಲಿಂಗವನ್ನು ಕರವಸ್ತ್ರದಲ್ಲಿ ಸುತ್ತಿ ಕೋಟಿನ ಒಳಜೇಬಿಗೆ ಹಾಕಿ, ಕಣ್ಣು ಮುಚ್ಚಿ ತಿಂದರಂತೆ. ಆಮೇಲೆ ಅಲ್ಲಿರುವವರೆಗೆ ದಿನಾ ತಿಂದರಂತೆ.

ಬಂದ ಮೇಲೆ ಮಾಳಿಗೆಯ ಮೇಲೆ ನನ್ನೊಬ್ಬಳಿಗೇ ಹೇಳಿದ್ದರು. ಹೇಳುವಾಗ ಅವರ ಮುಖ ನೋಡಬೇಕಿತ್ತು. ಯಾವಳೋ ಒಬ್ಬಳ ಸಂಗ ಮಾಡಿ ಬಂದೆ ಎಂದಿದ್ದರೆ ಅತ್ತು ಕರೆದು ಒಂದು ದಾರಿಗೆ ತರುತ್ತಿದ್ದೆ. ಮೀನಿನ ಜೊತೆ ನಾನು ಹೇಗೆ ಜಗಳವಾಡಲಿ? ನನ್ನ ಎಣ್ಣೆಗಾಯಿಯನ್ನು ಬೆರಳು ಚೀಪಿ ತಿನ್ನುವ ಮನುಷ್ಯ ಮನಸ್ಸಿನಲ್ಲಿ ಯಾವುದಕ್ಕೆ ತೂಗಿ ನೋಡುತ್ತಿದ್ದಾರೋ ಎಂದು ಆಮೇಲೆ ಎಷ್ಟೋ ವರ್ಷ ನನಗೆ ಸಂಶಯವಿತ್ತು. ಈಗ ಸಾಯುವ ಕಾಲಕ್ಕೆ ಅದೇ ಮೀನು ತಿರುಗಿ ಬಂದು ಮಾಲ್ದಿ, ಪುಂಡಿಪಲ್ಯಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಕೂತಿತು. ನನಗೆ ದುಃಖಕ್ಕಿಂತ ಮೊದಲು ಹೊಟ್ಟೆಕಿಚ್ಚು ಬಂತು. ಮರೆಮಾಚುವುದೇನಿದೆ.

ದಿಲ್‌ಸುಖ್‌ನಗರದಲ್ಲಿ ಕೋಚಿಂಗ್ ಸೆಂಟರೊಂದರಲ್ಲಿ ಪಾಠ ಹೇಳುವ ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ಎರಡು ವಾರ ಅಲ್ಲಿ ಇಲ್ಲಿ ವಿಚಾರಿಸಿದಳು. ಒಂದು ಶನಿವಾರ ಮೆಟ್ರೋ ಹಿಡಿದು ಬಂದು ಫೋನು ತೋರಿಸಿದಳು. ಬೇಗಂಪೇಟೆಯಲ್ಲಿ ಒಂದು ಕಾಂಪ್ಲೆಕ್ಸಿನ ಪಾರ್ಕಿಂಗ್ ಜಾಗದಲ್ಲಿ ದೇಶ ವಿದೇಶದ ಬೀದಿ ತಿಂಡಿಗಳ ಮೇಳ. ಅದರಲ್ಲಿ ಹಾಲೆಂಡಿನದೊಂದು ಅಂಗಡಿ. ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಮೀನು, ಮೇಲೆ ಉಳ್ಳಾಗಡ್ಡಿ. ಇವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಇದ, ಇದ," ಎಂದರು.

ಅಕ್ಕನಿಗೆ ಹೇಳದೆ ಹೋಗುವ ಹಾಗಿರಲಿಲ್ಲ. ಅವರು ಮೂರು ಹೊತ್ತು ಲಿಂಗಪೂಜೆ ಮಾಡುವ ಹೆಂಗಸು, ನಾನು ಬೈಗುಳಕ್ಕೆ ಸಿದ್ಧಳಾಗಿಯೇ ಹೇಳಿದೆ. ಅವರು ವಿಭೂತಿಯ ಗಟ್ಟಿಯನ್ನು ಕೆಳಗಿಟ್ಟರು.

"ಕರಕೊಂಡು ಹೋಗವ್ವಾ," ಎಂದರು. "ಬಸುರಿ ಬೇಡಿದ್ದು, ಹೋಗಾಂವ ಬೇಡಿದ್ದು, ಇಲ್ಲ ಅನಬಾರದು."

"ಹೋಗಾಂವ ಅನಬ್ಯಾಡ್ರಿ ಅಕ್ಕಾರ."

"ನಾ ಅನಲಿಲ್ಲಂದ್ರ ನಿಂತಾನೇನು?"

ಅವರು ಅಳಲಿಲ್ಲ, ನಾನೂ ಅಳಲಿಲ್ಲ. ಆದರೆ ಆ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಮರುದಿನ ಹೊರಡುವಾಗ ಅವರ ಕಾಲಿಗೆ ನಮಸ್ಕಾರ ಕೂಡ ಮಾಡಲಿಲ್ಲ.

ಭಾನುವಾರ ಮಧ್ಯಾಹ್ನ ಹೋದೆವು. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಅದು ಗೂಟಕ್ಕೆ ತೂಗು ಹಾಕಿದಂತೆ ಕಾಣುತ್ತಿತ್ತು. ಕುತ್ತಿಗೆಗೆ ಮಫ್ಲರು, ಬಾಯಿಗೆ ಮಾಸ್ಕು. ಮಗಳು ಒಂದು ಕಡೆ, ನಾನು ಒಂದು ಕಡೆ. ಆಟೋದವನು ಕನ್ನಡಿಯಲ್ಲಿ ಇವರನ್ನು ನೋಡಿ, ಹೇಳದೆಯೇ ಗುಂಡಿಗಳನ್ನು ತಪ್ಪಿಸಿಕೊಂಡು ನಿಧಾನ ಓಡಿಸಿದ. ದಾರಿಯುದ್ದಕ್ಕೂ ಇವರು ಮಾತಾಡಿದರು. ತಿಂಗಳುಗಳಿಂದ ಅಷ್ಟು ಮಾತಾಡಿರಲಿಲ್ಲ. ಹಾಲೆಂಡಿನ ಆ ಗಾಡಿಯ ಎದುರಿನ ಕಾಲುವೆ, ಮೀನಿನ ತುಣುಕಿಗಾಗಿ ಬರುತ್ತಿದ್ದ ಕಡಲಹಕ್ಕಿಗಳು, ಗಾಡಿಯವನ ದಪ್ಪ ಬೆರಳು. ಉಸಿರು ಸಾಲದೆ ನಡುನಡುವೆ ನಿಲ್ಲಿಸುತ್ತಿದ್ದರು.

"ಮನಿಗೆ ಕಟ್ಟಿಸಿಕೊಂಡು ಬರಬಹುದಿತ್ತಲ್ಲಪ್ಪಾ," ಎಂದಳು ಮಗಳು.

"ಮನಿಯಾಗ ಮೀನ ತರತಾರೇನು?" ಎಂದರು. "ಅದು ಬೀದ್ಯಾಗ ನಿಂತು ತಿನ್ನೂದು."

ಮೇಳದಲ್ಲಿ ಜನ ಕಿಕ್ಕಿರಿದಿದ್ದರು. ಮೊಮೋ ಮುಂದೆ ಸಾಲು, ಷವರ್ಮಾ ಮುಂದೆ ಸಾಲು, ಸ್ಪೀಕರಿನ ಗದ್ದಲ. ಮೂಲೆಯಲ್ಲಿದ್ದ ಹಾಲೆಂಡಿನ ಅಂಗಡಿಯ ಮುಂದೆ ನೊಣವೂ ಇರಲಿಲ್ಲ. ಐವತ್ತು ದಾಟಿದ ತೆಲುಗಿನ ಹೆಂಗಸೊಬ್ಬಳು ಏಪ್ರನ್ ಕಟ್ಟಿಕೊಂಡು, ಮಂಜುಗಡ್ಡೆಯ ಪೆಟ್ಟಿಗೆಯ ಹಿಂದೆ ಬೇಸತ್ತು ಕೂತಿದ್ದಳು. ಬಹಳ ವರ್ಷ ಅಲ್ಲೇ ಇದ್ದು ತಿರುಗಿ ಬಂದವಳಂತೆ. ಬೆಳಗಿನಿಂದ ಬಂದವರೆಲ್ಲ ಇದನ್ನು ಫ್ರೈ ಮಾಡಿ ಕೊಡು, ನಿಂಬೆ ಹಿಂಡು, ಮಸಾಲೆ ಹಾಕು ಎಂದೇ ಕೇಳಿದ್ದರಂತೆ. ನಮ್ಮನ್ನು ಕಂಡೊಡನೆ ಅವಳೇ ಮೊದಲು ಹೇಳಿಬಿಟ್ಟಳು. "ಫ್ರೈ ನಹೀ ಹೋತಾ ಅಮ್ಮಾ. ಕಚ್ಚಾಚ್ ಖಾನಾ." ಹಸಿಯದನ್ನೇ ತಿನ್ನಬೇಕಂತೆ.

ಇವರು ಮಾಸ್ಕು ತೆಗೆದು, ಹಾಗೇ ಬೇಕು, ಬಾಲ ಸಮೇತ ಕೊಡು, ಕತ್ತರಿಸಬೇಡ ಎಂದು ಪಿಸುಗುಟ್ಟಿದರು. ಅವಳ ಮುಖ ಅರಳಿತು. ಇಡೀ ದಿನದಲ್ಲಿ ತಿನ್ನುವುದು ಗೊತ್ತಿದ್ದವರು ಇವರೊಬ್ಬರೇ ಎಂದು ಎದ್ದು ನಿಂತು, ಒಂದು ಮೀನನ್ನು ಆರಿಸಿ, ಉಳ್ಳಾಗಡ್ಡಿಯಲ್ಲಿ ಎರಡೂ ಮಗ್ಗುಲು ಒತ್ತಿ ಕೊಟ್ಟಳು. ಇವರು ಬಾಲ ಹಿಡಿದು ಎತ್ತಿದರು. ಕೈ ಮೇಲೆ ಹೋಯಿತು. ಕತ್ತು ಹೋಗಲಿಲ್ಲ.

ಕರೆಂಟು ಕೊಟ್ಟ ಕಡೆ ಕುತ್ತಿಗೆಯ ಚರ್ಮ ಹಲಗೆಯಂತೆ ಬಿಗಿದಿತ್ತು. ಅದು ಹಿಂದಕ್ಕೆ ಬಾಗುವುದಿಲ್ಲ ಎಂಬುದನ್ನು ನಾವು ಮೂವರೂ ಮರೆತಿದ್ದೆವು. ಅಂಥ ಕತ್ತಿನಿಂದ ಮೇಲೆ ನೋಡುವ ಪ್ರಸಂಗ ಮನೆಯಲ್ಲಿ ಎಲ್ಲಿ ಬಂದಿತ್ತು? ಅವರು ಬಾಯಿ ತೆರೆದುಕೊಂಡು, ತಲೆಯ ಮೇಲೆ ಮೀನು ಹಿಡಿದುಕೊಂಡು, ಹಾಗೇ ನಿಂತರು. ಉಳ್ಳಾಗಡ್ಡಿ ಉದುರಿ ಅಂಗಿಯ ಮೇಲೆ ಬಿತ್ತು. ಪಕ್ಕದ ಸಾಲಿನಲ್ಲಿದ್ದ ಕಾಲೇಜು ಹುಡುಗಿಯರು ತಿರುಗಿ ನೋಡಿದರು. ನಾನು ಅವರ ಕೈಯಿಂದ ಮೀನು ತೆಗೆದುಕೊಂಡು, ಕತ್ತರಿಸಿ ಕೊಡಮ್ಮಾ ಎಂದೆ. ನನ್ನ ಬೆರಳು ಮೀನನ್ನು ಮುಟ್ಟಿದ್ದು ಅದೇ ಮೊದಲು. ಅದೂ ನನಗೆ ಆಮೇಲೆ ಹೊಳೆಯಿತು.

ಅವಳು ತುಂಡು ಮಾಡಿ ಕಾಗದದ ತಟ್ಟೆಯಲ್ಲಿ ಇಟ್ಟಳು. ಇವರು ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಮಗಳು ನನ್ನ ಮುಂಗೈ ಹಿಡಿದುಕೊಂಡಳು. ಆ ಹೊತ್ತಿನಲ್ಲಿ ನನ್ನ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ. ಮೀನಿಗೆ ಕೈ ಮುಗಿಯುವುದೊಂದು ಬಾಕಿ. ತಾಯೀ, ನೀನೇ ಗೆಲ್ಲು, ನನ್ನ ಅಡುಗೆಯೆಲ್ಲ ಮಣ್ಣೇ ಇರಲಿ, ಇವರಿಗೊಂದಿಷ್ಟು ಉಪ್ಪಾದರೂ ತಾಗಿಸು ಎಂದು ಬೇಡಿಕೊಂಡೆ.

ಅಗಿದರು. ನಿಲ್ಲಿಸಿದರು. ಮತ್ತೆ ಅಗಿದರು. ಆಮೇಲೆ ಕರವಸ್ತ್ರಕ್ಕೆ ಉಗುಳಿ ಕಣ್ಣು ತೆರೆದರು.

"ಇದು ಕೆಟ್ಟೈತಿ," ಎಂದರು.

ಮಗಳು, "ಅಪ್ಪಾ," ಎಂದು ಏನೋ ಹೇಳಹೋದಳು.

"ಕೆಟ್ಟೈತಿ ಅಂದೆ. ಹಡಗಿನ್ಯಾಗ ಬರೂದ್ರಾಗ ಸತ್ವ ಹೋಗೈತಿ." ಅಂಗಡಿಯಾಕೆಯ ಕಡೆ ತಿರುಗಿ, "ಖರಾಬ್ ಹೈ ಯೇ," ಎಂದರು.

ಅವಳಿಗೆ ನೋವಾಯಿತು. ಆಗಲೇಬೇಕು. ಪೆಟ್ಟಿಗೆಯಿಂದ ಒಂದು ತುಂಡು ತೆಗೆದು ತನ್ನ ಬಾಯಿಗೇ ಹಾಕಿಕೊಂಡು ತೋರಿಸಿ, ಬೆಳಿಗ್ಗೆಯೇ ಹೊಸ ಪೊಟ್ಟಣ ಒಡೆದದ್ದು, ಚೆನ್ನಾಗಿಯೇ ಇದೆ ಎಂದಳು. ಇವರು ಒಪ್ಪಲಿಲ್ಲ. ಮಾರುವವಳು ಮತ್ತೇನು ಹೇಳುತ್ತಾಳೆ ಎಂದರು. ಇನ್ನೊಂದು ತುಂಡು ಬಾಯಿಗಿಟ್ಟು, ಅದನ್ನೂ ಉಗುಳಿದರು. ಹಣೆಯ ಮೇಲೆ ಬೆವರು ಬಂದಿತ್ತು. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನು ಕೂರಿಸಿದೆವು.

"ನೀ ತಿಂದು ಹೇಳು," ಎಂದರು ನನಗೆ.

"ನಾನು?"

"ಊಟದ ಮಾತಿನ್ಯಾಗ ನೀ ಸುಳ್ಳ ಹೇಳಾಂಗಿಲ್ಲ. ಮೀನ ಕೆಟ್ಟಿದ್ರ ನನ್ನ ನಾಲಿಗಿದೇನೂ ತಪ್ಪಿಲ್ಲ. ತಿಂದು ಹೇಳು."

ಹಾಗೆ ಕೇಳುವಾಗ ಅವರ ಕಣ್ಣು ನನ್ನ ಮೇಲೆ ನೆಟ್ಟಿತ್ತು. ಮೀನು ಕೆಟ್ಟಿದ್ದರೆ ನಾಳೆ ಬೆಳಿಗ್ಗೆ ಮತ್ತೆ ಉಪ್ಪಿನ ಹರಳು ನಾಲಿಗೆಯ ಮೇಲೆ ಇಟ್ಟುಕೊಂಡು ಕಾಯಬಹುದು. ಚೆನ್ನಾಗಿದ್ದರೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಏನು ಹೇಳಬೇಕೆಂದು ತಿನ್ನುವ ಮೊದಲೇ ನಾನು ನಿಶ್ಚಯಿಸಿದ್ದೆ. ಹೇಗೂ ನನಗೆ ವಾಕರಿಕೆ ಬರುತ್ತದೆ, ಸುಳ್ಳು ಹೇಳುವ ಕಷ್ಟವೂ ಇರುವುದಿಲ್ಲ ಎಂದುಕೊಂಡೆ. ಎಡಗೈಯಿಂದ ಸೆರಗನ್ನು ಲಿಂಗದ ಮೇಲೆ ಎಳೆದುಕೊಂಡು, ಬಲಗೈಯಿಂದ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡೆ.

ವಾಕರಿಕೆ ಬರಲಿಲ್ಲ. ತಣ್ಣಗಿತ್ತು. ಬೆಣ್ಣೆಯ ಹಾಗೆ ಹಲ್ಲಿಗೆ ಸಿಗದೆ ಕರಗಿತು. ಮೊದಲು ಉಪ್ಪು, ಆಮೇಲೆ ಎಲ್ಲಿಂದಲೋ ಒಂದು ಸಿಹಿ, ನಡುವೆ ಉಳ್ಳಾಗಡ್ಡಿಯ ಕಟಕಟ. ಬಾಯಿ ತುಂಬ ನೀರು ಬಂತು. ಅವರ ಬಾಯಲ್ಲಿ ಇಲ್ಲದ ನೀರು ನನ್ನ ಬಾಯಲ್ಲಿ ಉಕ್ಕಿ ಬಂತು. ತಿಂಗಳುಗಳಿಂದ ಚಹಾ ಬಿಸ್ಕೀಟನ್ನಷ್ಟೇ ಕಂಡ ಹೊಟ್ಟೆ ಒಮ್ಮೆಲೇ ಎಚ್ಚರಾಯಿತು. ನನ್ನ ಮೈ ಮೇಲೆ ನನಗೇ ಅಸಹ್ಯವಾಯಿತು.

ಮುಖ ಕಿವುಚಿದೆ. "ಕೆಟ್ಟೈತ್ರಿ," ಎಂದೆ. "ನಾರಾಕತ್ತೈತಿ. ಬಾಯಾಗ ಇಟ್ಟುಕೊಳ್ಳಾಕ ಆಗವಲ್ದು."

ಅಂಗಡಿಯಾಕೆಗೆ ಕನ್ನಡ ತಿಳಿಯಲಿಲ್ಲ, ಪುಣ್ಯ. ಇವರ ಹೆಗಲು ಇಳಿಯಿತು. ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಮುಖದ ಮೇಲೆ ನಗೆಯಂಥದ್ದು ಒಂದು ಮೂಡಿತು. "ನಾ ಹೇಳಿಲ್ಲ?" ಎಂದು ಮಗಳ ಕಡೆ ನೋಡಿದರು. "ಅಲ್ಲೀ ಮೀನನ ಬ್ಯಾರೆ."

ಮಗಳು ಹೌದಪ್ಪಾ ಎಂದಳು.

ಆಮೇಲೆ ಅವರ ದೃಷ್ಟಿ ನನ್ನ ಮುಖದಿಂದ ಕೆಳಗೆ ಇಳಿದು ನಿಂತಿತು. ಏನು ನೋಡುತ್ತಿದ್ದಾರೆ ಎಂದು ನಾನೂ ನೋಡಿದೆ. ನನ್ನ ಕೈಯಲ್ಲಿ ಎರಡನೆಯ ತುಂಡು ಇತ್ತು. ತಟ್ಟೆಯಿಂದ ಯಾವಾಗ ಎತ್ತಿದೆನೋ ಗೊತ್ತಿಲ್ಲ, ಬಾಯಿಯ ಹತ್ತಿರದವರೆಗೂ ಬಂದಿತ್ತು.

ಕೆಳಗಿಡಲೂ ಆಗಲಿಲ್ಲ. ಅವರು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. ಸಿಟ್ಟಾಗಲಿಲ್ಲ. ಮುಂದಕ್ಕೆ ಬಾಗಿ, ತಟ್ಟೆಯನ್ನು ಬೆರಳಿನಿಂದ ನನ್ನ ಕಡೆ ಸರಿಸಿದರು.

"ತಿನ್ನು," ಎಂದರು. "ಎಲ್ಲಾ ತಿನ್ನು. ಭಾಳ ಹಸದೀ ನೀ."

ನಾನು ಅಲ್ಲೇ ನಿಂತು ಅಷ್ಟನ್ನೂ ತಿಂದೆ.